ಮೊಸಳೆಗೆ ಹತ್ತಿರದ ನೆಂಟ ಯಾರು?

ಕಪ್ಪೆ, ಹಲ್ಲಿ, ಮೊಸಳೆ, ಪಾರಿವಾಳ. ಈ ನಾಲ್ಕರ ವಿಕಾಸವೃಕ್ಷ (ಯಾವುದು ಯಾವುದರ ನೆಂಟ ಎಂದು ತೋರಿಸುವ ಕವಲುಚಿತ್ರ) ಬರೆಯಿರಿ ಎಂದರೆ, ಮೊದಲ ಸಲ ಬರೆಯುವವರು ಹಲ್ಲಿಯನ್ನೂ ಮೊಸಳೆಯನ್ನೂ ಒಂದೇ ಕವಲಿನಲ್ಲಿ ಕೂರಿಸಿಬಿಡುವುದು ಸಹಜ. ಎರಡಕ್ಕೂ ಒರಟು ಚರ್ಮ, ಗಿಡ್ಡ ಕಾಲು, ಉದ್ದ ಬಾಲ. ರೆಕ್ಕೆಯ ಪಾರಿವಾಳ ಅವುಗಳ ಪಂಕ್ತಿಗೆ ಸೇರುವುದಾದರೂ ಹೇಗೆ?

ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲಿ ಮಂಡಿಸಿದ ವಿಧಾನ ಇಂಥ ಹೋಲಿಕೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ನಾಲ್ಕು ಕೈಕಾಲು ಎಲ್ಲಕ್ಕೂ ಇವೆ, ಅದರಿಂದ ಏನೂ ತಿಳಿಯದು. ಉಳಿದ ಮೂರಕ್ಕಿರುವ, ನೆಲದ ಮೇಲೂ ಒಣಗದ ಮೊಟ್ಟೆ ಕಪ್ಪೆಯನ್ನು ಬೇರ್ಪಡಿಸುತ್ತದೆ. ಹಲ್ಲಿ ಮತ್ತು ಮೊಸಳೆಯ ಗಿಡ್ಡ ಕಾಲು, ಉದ್ದ ಬಾಲ ಹಳೆಯ ಆಸ್ತಿ. ಪಾರಿವಾಳದ ಪೂರ್ವಜರಲ್ಲೂ ಅವು ಇದ್ದವು. ಈ ನಾಲ್ಕರಲ್ಲಿ ಹೃದಯಕ್ಕೆ ನಾಲ್ಕು ಕೋಣೆ ಇರುವುದು ಮೊಸಳೆ ಮತ್ತು ಪಾರಿವಾಳಕ್ಕೆ ಮಾತ್ರ. ಹೊಸದಾಗಿ ಹುಟ್ಟಿ ಹಂಚಿಹೋದ ಇಂಥ ಲಕ್ಷಣವೇ ಲೆಕ್ಕಕ್ಕೆ ಬರುವುದು.

ಹಾಗಾದರೆ ಮನುಷ್ಯನ ಹೃದಯದಲ್ಲೂ ನಾಲ್ಕು ಕೋಣೆಗಳಿವೆಯಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಕೇಳಲೇಬೇಕು. ಸಸ್ತನಿಗಳಲ್ಲಿ ಅದು ಪ್ರತ್ಯೇಕವಾಗಿ ಹುಟ್ಟಿತು. ಒಂದೇ ಲಕ್ಷಣವನ್ನು ನಂಬಿದರೆ ಮೋಸಹೋಗುತ್ತೇವೆ. ಹಲವನ್ನು ಒಟ್ಟಿಗಿಟ್ಟು, ಅತಿ ಕಡಿಮೆ ಬದಲಾವಣೆಗಳಲ್ಲಿ ಎಲ್ಲವನ್ನೂ ವಿವರಿಸುವ ವೃಕ್ಷವನ್ನು ಆರಿಸಬೇಕು.

ಈ ಮಿತವ್ಯಯದ ಸೂತ್ರಕ್ಕೆ ಸ್ವಾರಸ್ಯಕರವಾದ ಹಿನ್ನೆಲೆಯಿದೆ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೋಸೆಫ್ ಕ್ಯಾಮಿನ್ ಕಾಗದದ ಮೇಲೆ ಕಾಲ್ಪನಿಕ ಜೀವಿಗಳನ್ನು ಸೃಷ್ಟಿಸಿದರು. ಒಂದರಿಂದ ಇನ್ನೊಂದನ್ನು ನಕಲಿಸುತ್ತ, ಪ್ರತಿ ಸಲ ಸ್ವಲ್ಪ ಬದಲಿಸುತ್ತ ಹೋದರು: 29 ಬದುಕಿರುವವು, 48 ಪಳೆಯುಳಿಕೆಗಳು. ನಿಜವಾದ ವಂಶಾವಳಿ ಅವರೊಬ್ಬರಿಗೇ ಗೊತ್ತು. ಚಿತ್ರಗಳನ್ನು ಕೊಟ್ಟು ಇತರರಿಂದ ವೃಕ್ಷ ಬರೆಸಿದಾಗ ಕ್ಯಾಮಿನ್‌ಗೆ ಕಂಡದ್ದಿಷ್ಟು: ಸತ್ಯಕ್ಕೆ ಹತ್ತಿರವಾದ ವೃಕ್ಷಗಳಲ್ಲೇ ಬದಲಾವಣೆಗಳ ಸಂಖ್ಯೆ ಅತಿ ಕಡಿಮೆ. ಇದರ ಆಧಾರದ ಮೇಲೆ ಅದೇ ವಿಶ್ವವಿದ್ಯಾಲಯದ ರಾಬರ್ಟ್ ಸೋಕಲ್ ಜೊತೆಗೂಡಿ 1965ರಲ್ಲಿ ಅವರು ಒಂದು ವಿಧಾನವನ್ನೇ ಪ್ರಕಟಿಸಿದರು. ಆ ವಿಚಿತ್ರ ಜೀವಿಗಳು ಈಗಲೂ ತರಗತಿಗಳಲ್ಲಿ ಪಾಠವಾಗಿವೆ.

ಮೊಳೆ, ತಿರುಪು, ಪೇಪರ್ ಕ್ಲಿಪ್ ಕೊಟ್ಟು ವೃಕ್ಷ ಬರೆಸುವ ಶಿಕ್ಷಕರೂ ಇದ್ದಾರೆ. ಅಗ್ಗದ ಸಾಮಗ್ರಿ, ನಿಜ. ಆದರೂ ನನಗೆ ಒಪ್ಪಿಗೆಯಾಗದು. ಮೊಳೆಯ ಹೊಟ್ಟೆಯಲ್ಲಿ ತಿರುಪು ಹುಟ್ಟಲಿಲ್ಲ. ಅಲ್ಲಿ ಹೇಗೆ ಜೋಡಿಸಿದರೂ ನಡೆಯುತ್ತದೆ, ವಿದ್ಯಾರ್ಥಿ ಮತ್ತೆ ಬರೀ ಹೋಲಿಕೆಯ ಗುಂಪು ಮಾಡಿ ಎದ್ದುಹೋಗುತ್ತಾನೆ. ಕ್ಯಾಮಿನ್ ಜೀವಿಗಳನ್ನು ಜೋಡಿಸುವವನು ತಪ್ಪಬಹುದು, ಎಲ್ಲಿ ತಪ್ಪಿದೆನೆಂದು ನಿಜ ವಂಶಾವಳಿಯ ಪಕ್ಕದಲ್ಲಿಟ್ಟು ನೋಡಬಹುದು.