ಗಿಲ್ಮೋರ್ ಸೌಂಡ್ ಬೇಕು, ಕಪ್ಪು ಗಿಟಾರ್ ಕೊಂಡರೆ ಸಾಕಾ?

ಪ್ರಶ್ನೆ: ನನಗೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಸೌಂಡ್ ಅಂದರೆ ಪ್ರಾಣ. 30 ಸಾವಿರ ಕೂಡಿಸಿಟ್ಟಿದ್ದೀನಿ. ಅವರದೇ ಥರದ ಕಪ್ಪು ಗಿಟಾರ್ ತಗೊಂಡರೆ ಸಾಕಾ?
– ಸಿರುಗುಪ್ಪದ ಓದುಗರೊಬ್ಬರು

ಸಾಲದು. ಅಷ್ಟೂ ದುಡ್ಡು ಗಿಟಾರಿಗೇ ಸುರಿಯಬೇಡಿ. ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಆ ಕಪ್ಪು ಫೆಂಡರ್ ಸ್ಟ್ರಾಟೋಕ್ಯಾಸ್ಟರ್ 2019ರ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು. ಆದರೆ 1979ರ ‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೇ ಭಾಗದ ಸೋಲೋ ಅವರು ನುಡಿಸಿದ್ದು ಅದರಲ್ಲಲ್ಲ, 1955ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ. ಆದರೂ ಎರಡು ಸ್ವರ ಕೇಳಿದರೆ ಸಾಕು, ಗಿಲ್ಮೋರೇ ಅಂತ ಗೊತ್ತಾಗುತ್ತದೆ.

ಗುರುತು ಸಿಗುವುದು ತಂತಿ ಎಳೆಯುವ ರೀತಿಯಿಂದ. ನಮ್ಮ ಕಡೆ ಹಿಂದುಸ್ತಾನಿ ಕೇಳಿ ಬೆಳೆದವರಿಗೆ ಸಿತಾರಿನ ಮೀಂಡ್ (ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದು) ಅಂದರೆ ಥಟ್ಟನೆ ತಿಳಿದೀತು. ಗಿಲ್ಮೋರ್ ಮೇಲಿನ ಸ್ವರಕ್ಕೆ ನಿಧಾನ ಏರಿ, ಶ್ರುತಿ ಮುಟ್ಟಿದ ಮೇಲೆ ತುಸು ಅಲುಗಿಸುತ್ತಾರೆ. ಹೀಗೆ ಮಾಡಿ ನೋಡಿ: ಎರಡು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮುಂದಿನ ಸ್ವರವನ್ನು ಮೊದಲು ಮೀಟಿ, ಬಾಯಲ್ಲಿ ಗುನುಗಿ, ಆಮೇಲೆ ಎರಡು ಫ್ರೆಟ್ ಹಿಂದಕ್ಕೆ ಬಂದು ಅಲ್ಲಿಂದ ತಂತಿ ಎಳೆದು ಅದನ್ನೇ ಮುಟ್ಟಿ. ಎಳೆಯುವುದು ಉಂಗುರದ ಬೆರಳು, ತೋರುಬೆರಳು, ನಡುಬೆರಳು ಅದರ ಹಿಂದೆ ಆಸರೆಗೆ.

ಇನ್ನು ಸಾಮಾನು. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಅಯಸ್ಕಾಂತ) ಇರುವ ಸ್ಟ್ರಾಟ್ ಮಾದರಿ ಗಿಟಾರಿಗೆ ಅರ್ಧ ದುಡ್ಡು ಸಾಕು; ಫೆಂಡರ್‌ನವರದೇ ಅಗ್ಗದ ಬ್ರ್ಯಾಂಡ್ ಸ್ಕ್ವಯರ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಗಿಲ್ಮೋರ್ ಅವರ 100 ವ್ಯಾಟಿನ ಹೈವ್ಯಾಟ್ ಆಂಪ್ (ಆಂಪ್ಲಿಫೈಯರ್) ಕೊಡುತ್ತಿದ್ದದ್ದು ಶುದ್ಧ ಸೌಂಡ್, ಗರ್ಜನೆಯೆಲ್ಲ ಕಾಲಲ್ಲಿ ಒತ್ತಿ ಸೌಂಡ್ ಬದಲಿಸುವ ಪೆಡಲ್‌ಗಳದ್ದು. ಹಾಗಾಗಿ ಮನೆಗೆ 10–20 ವ್ಯಾಟಿನದಾದರೂ ಸರಿ, ಕ್ಲೀನ್ ಆಗಿ ಕೇಳುವ ಆಂಪ್ ಬೇಕು. ದನಿಯನ್ನು ಒರಟಾಗಿಸುವ ಬಿಗ್ ಮಫ್ ಪೆಡಲ್ ಸ್ವರವನ್ನು ಉದ್ದಕ್ಕೆ ಎಳೆಯುತ್ತದೆ, ಆದರೆ ಮಧ್ಯದ ದನಿ ತಗ್ಗಿಸುತ್ತದೆ. ಬ್ಯಾಂಡ್ ಜೊತೆ ನುಡಿಸಿದರೆ ನಿಮ್ಮ ಗಿಟಾರೇ ಮುಳುಗಿಹೋಗುತ್ತದೆ. ಅದಕ್ಕೇ ಅದರ ನಂತರ ಗೇನ್ (ಒರಟುತನದ ಪ್ರಮಾಣ) ಕಡಿಮೆ ಇಟ್ಟ ಓವರ್‌ಡ್ರೈವ್ (ದನಿಯನ್ನು ತುಸು ಒರಟಾಗಿಸುವ ಪೆಡಲ್), ಕೊನೆಗೆ ಡಿಲೇ (ಮಾರ್ದನಿ ಕೊಡುವ ಪೆಡಲ್). ಡಿಲೇ 400 ಮಿಲಿಸೆಕೆಂಡ್ ಆಸುಪಾಸು ಇರಲಿ, ಮಾರ್ದನಿ ಮಾತ್ರ ಮೆಲ್ಲಗೆ. ಮೂರೂ ಬಿಡಿಯಾಗಿ ಕೊಳ್ಳಲಾಗದಿದ್ದರೆ ಒಂದು ಮಲ್ಟಿ ಎಫೆಕ್ಟ್ಸ್ ಪೆಡಲ್ ತಗೊಳ್ಳಿ.

ಸಿಂಗಲ್ ಕಾಯಿಲ್ ಗುಂಯ್‌ಗುಡುತ್ತದೆ. ಬಳ್ಳಾರಿಯ ನಮ್ಮ ಹಳೇ ಮನೆಯಲ್ಲಿ ಟ್ಯೂಬ್‌ಲೈಟ್ ಚೋಕ್, ಫ್ಯಾನ್ ರೆಗ್ಯುಲೇಟರ್ ಎರಡೂ ಅದರಲ್ಲಿ ಕೇಳಿಸುತ್ತಿದ್ದವು. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಮಾತ್ರ ಆಂಪ್ ಹಾಕಲೇಬೇಡಿ, ತಂತಿ ಮುಟ್ಟಿದರೆ ಶಾಕ್ ಹೊಡೆದೀತು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಗಿಟಾರ್ ಹಿಡಿದು ನಿಂತಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ಕಡಿಮೆಯಾಗುತ್ತದೆ. ಕುರ್ಚಿ ಅಲ್ಲಿ ಹಾಕಿಕೊಳ್ಳಿ.