ನೆಲದ ಹೆಸರು ರಕ್ತಕ್ಕೆ ಅಂಟಿದ ಕಥೆ

ನಾರ್ವೆಯ ಸರ್ಕಾರಿ ಅಂಕಿಅಂಶ ಸಂಸ್ಥೆಯ ಜಾಲತಾಣದಲ್ಲಿ ಒಂದು ಪುಟ್ಟ ಹುಡುಕುಪೆಟ್ಟಿಗೆ ಇದೆ. ಅಡ್ಡಹೆಸರೊಂದನ್ನು ಟೈಪ್ ಮಾಡಿದರೆ ಆ ಹೆಸರಿನವರು ದೇಶದಲ್ಲಿ ಎಷ್ಟು ಮಂದಿ ಎಂದು ಅದು ಹೇಳುತ್ತದೆ. ಹಾನ್ಸೆನ್ ಎಂದು ಹಾಕಿದರೆ ಬರುವ ಉತ್ತರ ಸುಮಾರು 50 ಸಾವಿರ. ಯೊಹಾನ್ಸೆನ್, ಓಲ್ಸೆನ್‌ಗಳು ಅದರ ಬೆನ್ನಿಗೇ ಇವೆ. ಇಡೀ ದೇಶದ ಜನಸಂಖ್ಯೆ 55 ಲಕ್ಷದ ಆಸುಪಾಸು ಎಂದಮೇಲೆ ನೂರಕ್ಕೆ ಒಬ್ಬರ ಲೆಕ್ಕದಲ್ಲಿ ಹಾನ್ಸೆನ್‌ಗಳಿದ್ದಾರೆ. ಕಡಿಮೆ ಕೇಳಿದ ಹೆಸರುಗಳನ್ನು ಹಾಕುತ್ತ ಹೋದಂತೆ ಸಂಖ್ಯೆ ಸಾವಿರಕ್ಕೆ, ನೂರಕ್ಕೆ, ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. ಕೊನೆಗೊಂದು ಹಂತದಲ್ಲಿ ಪೆಟ್ಟಿಗೆ ಸಂಖ್ಯೆ ಕೊಡುವುದನ್ನೇ ನಿಲ್ಲಿಸಿ, ‘ಮೂವರು ಅಥವಾ ಅದಕ್ಕಿಂತ ಕಡಿಮೆ’ ಎಂದಷ್ಟೇ ಹೇಳುತ್ತದೆ. ಒಬ್ಬರು ಉಳಿದಿದ್ದಾರೋ, ಯಾರೂ ಇಲ್ಲವೋ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಷ್ಟು ಕಡಿಮೆ ಜನ ಇದ್ದಾಗ ಸಂಖ್ಯೆ ಹೇಳುವುದೂ ವಿಳಾಸ ಹೇಳುವುದೂ ಹೆಚ್ಚುಕಮ್ಮಿ ಒಂದೇ.

ಇಷ್ಟು ಚಿಕ್ಕ ದೇಶದಲ್ಲಿ ಒಂದು ಹೆಸರಿಗೆ ಅರ್ಧ ಲಕ್ಷ ಜನ, ಇನ್ನೊಂದಕ್ಕೆ ಮೂವರು ಏಕೆ? ಶುರುಮಾಡಬೇಕಾದ್ದು ನೆಲದಿಂದ.

ನಾರ್ವೆಯಲ್ಲಿ ಉಳುಮೆಗೆ ಬರುವ ಭೂಮಿ ನೂರಕ್ಕೆ ಮೂರು ಪಾಲು ಮಾತ್ರ. ಉಳಿದದ್ದು ಬೆಟ್ಟ, ಕಾಡು, ಬಂಡೆ, ಹಿಮ. ಹೀಗಾಗಿ ನಮ್ಮ ಬಯಲುಸೀಮೆಯ ಹಾಗೆ ನೂರು ಮನೆ ಒತ್ತೊತ್ತಾಗಿ ಕೂತ ಊರುಗಳು ಅಲ್ಲಿ ಹೆಚ್ಚು ಬೆಳೆಯಲಿಲ್ಲ. ಎಲ್ಲಿ ಒಂದಿಷ್ಟು ಮಣ್ಣು ಸಿಕ್ಕಿತೋ ಅಲ್ಲೊಂದು ಒಕ್ಕಲುಮನೆ, ಅದರ ಸುತ್ತ ಹೊಲ, ಕೊಟ್ಟಿಗೆ. ಇದಕ್ಕೆ ಅವರು ‘ಗೋರ್’ ಎನ್ನುತ್ತಾರೆ. ಪ್ರತಿ ಗೋರ್‌ಗೂ ಒಂದು ಹೆಸರು: ಇಳಿಜಾರಿನಲ್ಲಿದ್ದರೆ ಬಾಕ್ಕೆ, ದಿಬ್ಬದ ಮೇಲಿದ್ದರೆ ಹೌಗೆನ್, ಕಣಿವೆಯಲ್ಲಿದ್ದರೆ ಡಾಲ್, ಕೊಲ್ಲಿಯ ಅಂಚಿನಲ್ಲಿದ್ದರೆ ವೀಕ್. ವಿಶ್ವಸಂಸ್ಥೆಯ ಮೊದಲ ಮಹಾಕಾರ್ಯದರ್ಶಿ ಟ್ರೂಗ್ವೆ ಲೀ ಅವರ ‘ಲೀ’ ಎಂದರೂ ಬೆಟ್ಟದ ಓರೆಯೇ.

ಇಂಥ ಹೆಸರುಗಳು ತೀರಾ ಹಳೆಯವು. ‘ವಿನ್’, ‘ಹೇಮ್’ ಎಂದು ಕೊನೆಯಾಗುವವು ವೈಕಿಂಗರ ಕಾಲಕ್ಕಿಂತ ಹಿಂದಿನವು. ‘ರೂಡ್’ ಎಂದು ಕೊನೆಯಾಗುವವು ಮಧ್ಯಯುಗದಲ್ಲಿ ಕಾಡು ಕಡಿದು ಹೊಲ ಮಾಡಿದ ಜಾಗಗಳು. ಪೂರ್ವ ನಾರ್ವೆಯಲ್ಲಿ ಇವು ದಂಡಿಯಾಗಿ ಸಿಗುತ್ತವೆ. ಓಲುಫ್ ರ‍್ಯೂಗ್ ಎಂಬ ಪುರಾತತ್ತ್ವಜ್ಞ ದೇಶದ ಒಕ್ಕಲುಮನೆಗಳ ಹೆಸರನ್ನೆಲ್ಲ ಕಲೆಹಾಕಿ, ಸ್ಥಳೀಯರು ಅದನ್ನು ಉಚ್ಚರಿಸುವುದು ಹೇಗೆ, ಹಳೆಯ ದಾಖಲೆಗಳಲ್ಲಿ ಯಾವ ವರ್ಷ ಯಾವ ಕಾಗುಣಿತದಲ್ಲಿದೆ ಎಂದೆಲ್ಲ ಬರೆದಿಡುವ ಕೆಲಸಕ್ಕೆ ಕೈಹಾಕಿದ. ಸಂಪುಟಗಳು 1897ರಿಂದ ಹೊರಬರತೊಡಗಿದವು. ಎರಡೇ ವರ್ಷಕ್ಕೆ ರ‍್ಯೂಗ್ ತೀರಿಕೊಂಡ. ಉಳಿದದ್ದನ್ನು ಬೇರೆಯವರು ದಶಕಗಟ್ಟಲೆ ದುಡಿದು ಮುಗಿಸಿದರು. ಅಪರೂಪದ ನಾರ್ವೇಜಿಯನ್ ಅಡ್ಡಹೆಸರಿನ ಮೂಲ ಹುಡುಕುವವರು ಇಂದಿಗೂ ಮೊದಲು ತೆರೆಯುವುದು ಈ ಸಂಪುಟಗಳನ್ನೇ.

ಆದರೆ ಬಹುಕಾಲ ಇವು ಅಡ್ಡಹೆಸರುಗಳೇ ಆಗಿರಲಿಲ್ಲ. ಹಳ್ಳಿಯವನೊಬ್ಬನ ಪೂರ್ತಿ ಹೆಸರಿನಲ್ಲಿ ಮೂರು ತುಂಡುಗಳಿದ್ದವು: ತನ್ನ ಹೆಸರು, ಅಪ್ಪನ ಹೆಸರು, ವಾಸದ ಜಾಗ. ಓಲೆ ಹಾನ್ಸೆನ್ ಬಾಕ್ಕೆ ಎಂದರೆ ಬಾಕ್ಕೆಯಲ್ಲಿರುವ, ಹಾನ್ಸ್‌ನ ಮಗ ಓಲೆ. ಮಗಳಾದರೆ ‘ಸೆನ್’ ಬದಲು ‘ದಾತ್ತರ್’. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರಮ ಹಿಂದುಮುಂದಾಗಿದೆ ಅಷ್ಟೆ.

ವಿಚಿತ್ರ ಇರುವುದು ಮುಂದೆ. ನಮ್ಮ ಕಾಲ್ಪನಿಕ ಓಲೆ ಬಾಕ್ಕೆಯನ್ನು ಬಿಟ್ಟು, ಸೂಲ್‌ಬರ್ಗ್ ಎಂಬ ಒಕ್ಕಲುಮನೆಯ ಮಗಳನ್ನು ಮದುವೆಯಾಗಿ ಅಲ್ಲಿಗೇ ಮನೆಅಳಿಯನಾಗಿ ಹೋದ ಎನ್ನಿ. ಮರುದಿನದಿಂದ ಅವನು ಓಲೆ ಹಾನ್ಸೆನ್ ಸೂಲ್‌ಬರ್ಗ್. ಅವನ ಮಗ ಹಾನ್ಸ್ ಓಲ್ಸೆನ್ ಸೂಲ್‌ಬರ್ಗ್. ಬಾಕ್ಕೆಯಲ್ಲೇ ಉಳಿದ ಅಣ್ಣನ ಮಕ್ಕಳು ಬಾಕ್ಕೆಗಳು. ಒಡಹುಟ್ಟಿದವರ ಮಕ್ಕಳಿಗೆ ಬೇರೆ ಬೇರೆ ಹೆಸರು. ಸೂಲ್‌ಬರ್ಗ್‌ನಲ್ಲಿ ಕೂಲಿಗೆ ಗುಡಿಸಲು ಕಟ್ಟಿಕೊಂಡಿದ್ದ, ಯಾವ ನಂಟೂ ಇಲ್ಲದ ಬಡವನಿಗೆ ಮಾತ್ರ ಯಜಮಾನನದೇ ಹೆಸರು. ಚರ್ಚಿನ ಪುಸ್ತಕಗಳಲ್ಲಿ ಒಬ್ಬನೇ ವ್ಯಕ್ತಿ ದೀಕ್ಷಾಸ್ನಾನಕ್ಕೆ ಒಂದು ಹೆಸರಿನಲ್ಲಿ, ಮದುವೆಗೆ ಇನ್ನೊಂದರಲ್ಲಿ, ಸಾವಿಗೆ ಮತ್ತೊಂದರಲ್ಲಿ ಸಿಗುವುದು ಇದರಿಂದಲೇ. ಅಮೆರಿಕದಿಂದ ಬಂದು ಬೇರು ಹುಡುಕುವ ನಾರ್ವೆ ಮೂಲದವರು ತಲೆ ಚಚ್ಚಿಕೊಳ್ಳುವುದು ಇಲ್ಲಿಯೇ.

ಈ ವ್ಯವಸ್ಥೆಯನ್ನು ಮುಗಿಸಿದ್ದು ಒಂದು ಕಾನೂನು. 1923ರ ಫೆಬ್ರುವರಿ 9ರಂದು ಅಂಗೀಕಾರವಾದ ಹೆಸರಿನ ಕಾಯ್ದೆ, ಇನ್ನುಮುಂದೆ ಪ್ರತಿ ಕುಟುಂಬಕ್ಕೂ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಒಂದೇ ಹೆಸರಿರಬೇಕು ಎಂದಿತು; ಹೆಂಡತಿ ಗಂಡನ ಹೆಸರನ್ನೇ ತೆಗೆದುಕೊಳ್ಳಬೇಕಿತ್ತು. ಪಟ್ಟಣಗಳಲ್ಲಿ ಆ ವೇಳೆಗಾಗಲೇ ಅಪ್ಪನ ಹೆಸರೇ ಕಾಯಂ ಅಡ್ಡಹೆಸರಾಗಿ ಗಟ್ಟಿಯಾಗಿತ್ತು. ಹಳ್ಳಿಯವರು ಬಹುಪಾಲು ಒಕ್ಕಲುಮನೆಯ ಹೆಸರು ಹಿಡಿದರು. ಅಣ್ಣ ಒಂದನ್ನು, ತಮ್ಮ ಇನ್ನೊಂದನ್ನು ಆರಿಸಿಕೊಂಡ ಮನೆಗಳೂ ಇದ್ದವು.

ಹಾನ್ಸೆನ್‌ಗಳು ಅಷ್ಟೊಂದು ಜನ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ವಾಡಿಕೆಯಾದ್ದರಿಂದ ಹಾನ್ಸ್, ಓಲೆ, ಯೊಹಾನ್, ಲಾರ್ಸ್ ಮುಂತಾದ ಕೆಲವೇ ಹೆಸರುಗಳು ಶತಮಾನಗಳ ಕಾಲ ಸುತ್ತಿದವು. ಹೆಸರುಗಳ ಗುಡ್ಡೆ ಚಿಕ್ಕದು, ಜನ ಬಹಳ. ಒಕ್ಕಲುಮನೆಗಳದ್ದು ತದ್ವಿರುದ್ಧ: ಗುಡ್ಡೆ ಸಾವಿರಾರು ಹೆಸರುಗಳದ್ದು, ಒಂದೊಂದಕ್ಕೂ ಜನ ಕೆಲವೇ. ಅದರಲ್ಲೂ ಬಾಕ್ಕೆ, ಹೌಗೆನ್‌ನಂಥವು ದೇಶದ ತುಂಬ ಇದ್ದುದರಿಂದ ಅವೂ ಸಾಮಾನ್ಯವಾದವು. ಇಡೀ ದೇಶದಲ್ಲಿ ಒಂದೇ ಕಡೆ, ಒಂದೇ ಕಣಿವೆಯಲ್ಲಿ ಇದ್ದ ಹೆಸರೇ ನಿಜವಾದ ಅಪರೂಪದ ಅಡ್ಡಹೆಸರಾಯಿತು.

ಇದರಿಂದ ತಳಿವಿಜ್ಞಾನಕ್ಕೆ ಒಂದು ತಮಾಷೆಯ ಪರಿಣಾಮವಿದೆ. ಅಪ್ಪನಿಂದ ಮಗನಿಗೆ ಅಡ್ಡಹೆಸರು ಇಳಿಯುವ ಕಡೆ ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮ್ ಕೂಡ ಅದೇ ದಾರಿಯಲ್ಲಿ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಬ್ರಯಾನ್ ಸೈಕ್ಸ್ ಎಂಬ ತಳಿವಿಜ್ಞಾನಿ ತನ್ನದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಒಂದೇ ಬಗೆಯ ವೈ ಕ್ರೋಮೋಸೋಮ್ ಹೊತ್ತಿದ್ದಾರೆಂದು 2000ದಲ್ಲಿ ತೋರಿಸಿದ. ಹೆಸರು ಅಪರೂಪವಾದಷ್ಟೂ ಈ ಹೊಂದಾಣಿಕೆ ಹೆಚ್ಚು ಎಂದು ಬ್ರಿಟನ್ನಿನ ನಂತರದ ಅಧ್ಯಯನಗಳು ಹೇಳಿದವು. ನಾರ್ವೆಯಲ್ಲಿ ಈ ನಿಯಮವನ್ನು ಕಣ್ಮುಚ್ಚಿ ನಂಬುವಂತಿಲ್ಲ. ಅಲ್ಲಿ ಒಂದೇ ಅಪರೂಪದ ಹೆಸರಿನ ಇಬ್ಬರು ಸಿಕ್ಕರೆ ಅವರ ಹಿರಿಯರು ಒಂದೇ ಹೊಲದಲ್ಲಿ ಬೆವರು ಸುರಿಸಿದ್ದರು ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಅಜ್ಜನ ಮೊಮ್ಮಕ್ಕಳು ಎನ್ನಲು ಬೇರೆ ಸಾಕ್ಷಿ ಬೇಕು. ಒಬ್ಬರು ಯಜಮಾನನ ಕಡೆಯವರು, ಇನ್ನೊಬ್ಬರು ಗುಡಿಸಲಿನ ಕಡೆಯವರು ಇದ್ದಿರಬಹುದು.

ಹೆಸರುಗಳು ಅಳಿಯುವ ಗಣಿತಕ್ಕೂ ಇಲ್ಲಿ ತಿರುವು ಸಿಗುತ್ತದೆ. ಮನೆತನದ ಹೆಸರು ನಶಿಸುವ ಸಂಭವ ಎಷ್ಟು ಎಂಬ ಪ್ರಶ್ನೆಯನ್ನು 1873ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಎತ್ತಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಗಣಿತಜ್ಞ ಉತ್ತರಿಸಿ, ಎಲ್ಲ ಹೆಸರುಗಳೂ ಕೊನೆಗೆ ಅಳಿದೇ ತೀರುತ್ತವೆ ಎಂದುಬಿಟ್ಟ. ಅದು ತಪ್ಪು, ಸಮೀಕರಣದ ಇನ್ನೊಂದು ಉತ್ತರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಪೂರ್ತಿ ಉತ್ತರ ಪ್ರಕಟವಾದದ್ದು 1930ರಲ್ಲಿ, ಪಕ್ಕದ ಡೆನ್ಮಾರ್ಕಿನಲ್ಲಿ. ಅದಕ್ಕೆ ನಿಮಿತ್ತ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಆಗ್ನರ್ ಕ್ರಾರುಪ್ ಅರ್ಲಾಂಗ್. ಟೆಲಿಫೋನ್ ದಟ್ಟಣೆಯ ಅಳತೆಗೆ ಇಂದಿಗೂ ಇವನ ಹೆಸರೇ. ತಾಯಿಯ ಕಡೆಯ ಕ್ರಾರುಪ್ ಮನೆತನ ನಶಿಸುತ್ತಿದ್ದುದನ್ನು ಅವನು ಕಂಡಿದ್ದ. ಅದೇ ಪ್ರಶ್ನೆಯನ್ನು ಗಣಿತವಾಗಿ ಬರೆದಿಟ್ಟು 1929ರಲ್ಲಿ ಸತ್ತ. ಬಿಡಿಸಿದವನು ಯೋಹಾನ್ ಸ್ಟೆಫೆನ್‌ಸೆನ್.

ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಒಬ್ಬ ಗಂಡಸಿಗೆ ಸರಾಸರಿ ಒಬ್ಬ ಮಗ. ಆದರೆ ಯಾರಿಗೆ ಎಷ್ಟು ಎಂಬುದು ಪೂರ್ತಿ ಆಕಸ್ಮಿಕ ಎಂದಿಟ್ಟುಕೊಳ್ಳಿ. ಒಬ್ಬನಿಂದ ಆರಂಭವಾದ ಹೆಸರು ಒಂದೇ ತಲೆಮಾರಿಗೆ ನಿಂತುಹೋಗುವ ಸಂಭವ ಶೇ 37. ಎರಡನೆಯ ತಲೆಮಾರಿನೊಳಗೆ ಶೇ 53, ಐದರೊಳಗೆ ಶೇ 73, ಹತ್ತರೊಳಗೆ ಶೇ 84. ಯುದ್ಧ, ರೋಗ, ವಲಸೆ ಏನೂ ಬೇಕಿಲ್ಲ. ಗಂಡು ಹುಟ್ಟದಿದ್ದರೆ ಸಾಕು. ಜನಸಂಖ್ಯೆ ಬೆಳೆಯುತ್ತಿದ್ದರೆ ಬಚಾವಾಗುವ ದಾರಿ ಇದೆ, ಆದರೂ ಅದು ಇಕ್ಕಟ್ಟಿನದು: ಸರಾಸರಿ 1.2 ಗಂಡುಮಕ್ಕಳಿದ್ದಾಗಲೂ ಇಂಥ ನೂರು ಹೆಸರುಗಳಲ್ಲಿ 69 ಒಂದಲ್ಲ ಒಂದು ದಿನ ಅಳಿಯುತ್ತವೆ.

ಈಗ ಹಳೆಯ ನಾರ್ವೆಗೆ ಈ ಲೆಕ್ಕ ಹಾಕಿ. ಅದು ನಡೆಯುವುದೇ ಇಲ್ಲ. ಸೂಲ್‌ಬರ್ಗ್‌ನ ಯಜಮಾನನಿಗೆ ಗಂಡುಮಕ್ಕಳಿಲ್ಲದಿದ್ದರೆ ಅಳಿಯ ಬಂದು ಸೂಲ್‌ಬರ್ಗ್ ಆಗುತ್ತಿದ್ದ. ಸಂತಾನವೇ ಇಲ್ಲವಾದರೆ ಕೊಂಡುಕೊಂಡವನು ಆಗುತ್ತಿದ್ದ. ವಂಶ ಅಳಿದರೂ ಹೆಸರು ಅಳಿಯುತ್ತಿರಲಿಲ್ಲ, ಯಾಕೆಂದರೆ ಅದರ ವಾರಸುದಾರ ನೆಲ. ಊರೇ ಬರಿದಾದರೂ ಹೆಸರು ಹುಟ್ಟಿದ್ದುಂಟು. 1349ರಲ್ಲಿ ಪ್ಲೇಗ್ ಮಹಾಮಾರಿ ನಾರ್ವೆಗೆ ಬಂದು ಅಸಂಖ್ಯ ಒಕ್ಕಲುಮನೆಗಳು ಹಾಳುಬಿದ್ದವು. ಎಷ್ಟೋ ಕಾಲದ ನಂತರ ಯಾರೋ ಹೋಗಿ ಆ ಪಾಳುಹೊಲ ಉತ್ತಾಗ ಅದಕ್ಕೆ ಬಂದ ಹೆಸರು ಓಡೆಗೋರ್, ಹಾಳುಬಿದ್ದ ಒಕ್ಕಲು. ನಮ್ಮ ಕ್ರೀಡಾಪುಟಗಳಲ್ಲಿ ಓಡೆಗಾರ್ಡ್ ಎಂದು ಅಚ್ಚಾಗುವ ಫುಟ್ಬಾಲ್ ಆಟಗಾರನ ಬೆನ್ನಮೇಲಿರುವುದು ಅದೇ ಹೆಸರು.

1923ರ ಕಾಯ್ದೆ ನಿಜಕ್ಕೂ ಬದಲಿಸಿದ್ದು ಇದನ್ನು. ನೆಲಕ್ಕೆ ಸೇರಿದ್ದ ಹೆಸರನ್ನು ಅದು ಕಿತ್ತು ರಕ್ತಕ್ಕೆ ಅಂಟಿಸಿತು. ಅಂದಿನಿಂದ ಗಾಲ್ಟನ್ನನ ಲೆಕ್ಕ ಅವಕ್ಕೂ ಅನ್ವಯವಾಯಿತು. ಒಂದೇ ಒಕ್ಕಲಿನ ಹೆಸರು ಹೊತ್ತ ಎರಡೋ ಮೂರೋ ಕುಟುಂಬಗಳಿಗೆ ಆಟ ಆರಂಭದಲ್ಲೇ ಕಷ್ಟದ್ದು.

ವಲಸೆ ಮತ್ತಷ್ಟು ಹೆಸರುಗಳನ್ನು ಹೊರಗೆ ಸಾಗಿಸಿತ್ತು. 1825ರಿಂದ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ನಾರ್ವೇಜಿಯನ್ನರು ಅಮೆರಿಕಕ್ಕೆ ಹೋದರು. 1801ರಲ್ಲಿ ಇಡೀ ದೇಶದಲ್ಲಿದ್ದವರೇ 8.8 ಲಕ್ಷ. ಹೋದವರ ಹೆಸರುಗಳು ಅಲ್ಲಿನ ನಾಲಿಗೆಗೆ ತಕ್ಕಂತೆ ಸವೆದವು. ಸೋಗ್ನ್ ಸೀಮೆಯ ಫ್ಯಾರ್‌ಲಾಂಡ್ ಎಂಬಲ್ಲಿನ ಮುಂಡಾಲ್, ಅಮೆರಿಕದ ಉಪಾಧ್ಯಕ್ಷನಾಗಿದ್ದ ವಾಲ್ಟರ್ ಮಾಂಡೇಲ್‌ನ ಅಡ್ಡಹೆಸರಾದದ್ದು ಹೀಗೆ.

ಹೆಸರು ಅಪರೂಪವಾಗಲು ಕಾಗುಣಿತವೂ ಒಂದು ಕಾರಣ. ಡೆನ್ಮಾರ್ಕಿನ ಆಳ್ವಿಕೆಯ ಶತಮಾನಗಳಲ್ಲಿ ಪಾದ್ರಿಗಳು, ಗುಮಾಸ್ತರು ಬರೆದದ್ದು ಡ್ಯಾನಿಷ್ ರೀತಿಯಲ್ಲಿ. 1917ರಲ್ಲಿ ಎರಡು ‘ಎ’ಗಳ ಬದಲು ತಲೆಯ ಮೇಲೆ ಸೊನ್ನೆಯಿರುವ ಒಂದು ‘ಎ’ ಬಂತು. ಕೆಲವರು ಹೊಸದಕ್ಕೆ ಬದಲಾದರು, ಕೆಲವರು ಹಳೆಯದನ್ನೇ ಉಳಿಸಿಕೊಂಡರು. ಫುಟ್ಬಾಲ್ ಆಟಗಾರ ಎರ್ಲಿಂಗ್ ಹಾಲಂಡ್ ಈಗ ಬರೆಯುವುದು ಹಳೆಯ ಕಾಗುಣಿತದಲ್ಲಿ. ಲೇಖಕ ಕ್ನೂಟ್ ಹಾಮ್ಸುನ್‌ನದು ಇನ್ನೂ ಮಜವಾದ ಪ್ರಸಂಗ. ಹುಟ್ಟುಹೆಸರು ಪೆಡರ್ಸೆನ್, ಬೆಳೆದದ್ದು ಹಾಮ್ಸುಂಡ್ ಎಂಬ ಒಕ್ಕಲಿನಲ್ಲಿ. ಲೇಖನವೊಂದು ಅಚ್ಚಾಗುವಾಗ ಕೊನೆಯ ‘ಡಿ’ ಬಿಟ್ಟುಹೋಯಿತು, ಅವನು ಹಾಗೇ ಇಟ್ಟುಕೊಂಡ ಎಂದು ಹೇಳುತ್ತಾರೆ.

ಇಷ್ಟೆಲ್ಲದರ ನಡುವೆ ಒಕ್ಕಲುಮನೆಯ ಹಂಗೇ ಇಲ್ಲದ ಅಪರೂಪದ ಹೆಸರುಗಳೂ ಇವೆ. ಅವುಗಳಲ್ಲಿ ಜಗತ್ತಿಗೆಲ್ಲ ಗೊತ್ತಾದದ್ದು ಕ್ವಿಸ್ಲಿಂಗ್. 17ನೇ ಶತಮಾನದಲ್ಲಿ ಲಾರಿಟ್ಸ್ ಇಬ್ಸೆನ್ ಎಂಬಾತ ಡೆನ್ಮಾರ್ಕಿನಿಂದ ನಾರ್ವೆಗೆ ಬಂದ. ಓದಿದವರು ಲ್ಯಾಟಿನ್ ಹೆಸರು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ತನ್ನ ಊರು ಕ್ವಿಸ್ಲೆಮಾರ್ಕ್ ಅನ್ನು ಲ್ಯಾಟಿನ್ನಿಗೆ ತಿರುಚಿ ‘ಕ್ವಿಸ್ಲಿನುಸ್’ ಮಾಡಿಕೊಂಡ. ಬರಬರುತ್ತ ಅದೇ ಕ್ವಿಸ್ಲಿಂಗ್ ಆಯಿತು. ಇದನ್ನು ಕಟ್ಟಿದವನು ಒಬ್ಬನೇ ಆದ್ದರಿಂದ ಇಲ್ಲಿ ಹೆಸರೂ ವಂಶವೂ ಜೊತೆಜೊತೆಗೆ ಸಾಗುತ್ತವೆ. ಮೇಲಿನ ಗಣಿತದ ಒಬ್ಬ ಮೂಲಪುರುಷನ ಮಾದರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ. ಹತ್ತರಲ್ಲಿ ಎಂಟು ಹೆಸರು ಅಳಿಯುವಷ್ಟು ಕಾಲ ಅದು ದಾಟಿ ಬಂದಿತ್ತು.

ಆಮೇಲೆ 1940ರ ಏಪ್ರಿಲ್ 9 ಬಂತು. ಜರ್ಮನಿಯ ಸೇನೆ ನಾರ್ವೆಗೆ ನುಗ್ಗಿದ ಆ ಸಂಜೆಯೇ ವಿಡ್ಕುನ್ ಕ್ವಿಸ್ಲಿಂಗ್ ರೇಡಿಯೊದಲ್ಲಿ ತಾನೇ ಪ್ರಧಾನಿ ಎಂದು ಘೋಷಿಸಿದ. ಹತ್ತೇ ದಿನಕ್ಕೆ ಲಂಡನ್ನಿನ ಟೈಮ್ಸ್ ಪತ್ರಿಕೆ ಅವನ ಹೆಸರನ್ನು ದೇಶದ್ರೋಹಿಗೆ ಪರ್ಯಾಯ ಪದವಾಗಿ ಬಳಸಿತು, ಅದು ನಿಘಂಟು ಸೇರಿತು. 1945ರ ಅಕ್ಟೋಬರ್ 24ರಂದು ಅವನನ್ನು ಗುಂಡಿಕ್ಕಿ ಕೊಂದರು. ಹಾನ್ಸೆನ್ ಒಬ್ಬ ದ್ರೋಹ ಬಗೆದಿದ್ದರೆ ಉಳಿದ ಹಾನ್ಸೆನ್‌ಗಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಪರೂಪದ ಹೆಸರಿಗೆ ಆ ರಕ್ಷಣೆ ಇಲ್ಲ.

ಈಗಿನ ಕಾನೂನು 2003ರ ಜನವರಿಯಿಂದ ಜಾರಿಯಲ್ಲಿದೆ. 200ಕ್ಕಿಂತ ಹೆಚ್ಚು ಜನರಿರುವ ಅಡ್ಡಹೆಸರನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. 200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಹೆಸರಿನವರೆಲ್ಲರ ಒಪ್ಪಿಗೆ ಬೇಕು; ಒಬ್ಬರು ತಲೆಯಾಡಿಸದಿದ್ದರೂ ಇಲ್ಲ. ಅಪರೂಪವನ್ನು ಕಾಯುವ ಈ ನಿಯಮವೇ ಅಂಥ ಹೆಸರಿಗೆ ಹೊಸಬರು ಸೇರದಂತೆ ತಡೆಯುತ್ತದೆ ಎಂಬುದು ಸ್ವಲ್ಪ ಎಡವಟ್ಟೇ. ಕಿಂಡಿಯೊಂದು ತೆರೆದಿದೆ: ಅಜ್ಜಿಯ ಅಥವಾ ಮುತ್ತಜ್ಜನ ಹೆಸರಾಗಿದ್ದರೆ ಒಪ್ಪಿಗೆಯಿಲ್ಲದೆಯೂ ಪಡೆಯಬಹುದು. ಈಗ ಹೆಂಡತಿ ಗಂಡನ ಹೆಸರು ಹೊರಬೇಕೆಂದಿಲ್ಲ. ಮಗುವಿಗೆ ಯಾವ ಅಡ್ಡಹೆಸರು ಎಂದು ಆರು ತಿಂಗಳೊಳಗೆ ತಂದೆತಾಯಿ ತಿಳಿಸದಿದ್ದರೆ ತಾಯಿಯದೇ ಸಿಗುತ್ತದೆ. ಬರೀ ಗಂಡುಮಕ್ಕಳನ್ನು ಎಣಿಸಿದ ಗಾಲ್ಟನ್ನನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಹೆಣ್ಣುಮಕ್ಕಳನ್ನೂ ಎಣಿಸಬೇಕು, ಜೊತೆಗೆ ಎರಡು ಹೆಸರುಗಳಲ್ಲಿ ದಂಪತಿಗೆ ಯಾವುದು ಇಷ್ಟವಾಯಿತು ಎಂಬುದನ್ನೂ. ಅಪರೂಪದ ಹೆಸರನ್ನು ನಡುಹೆಸರಾಗಿ ಇಟ್ಟುಕೊಂಡು ಕೊನೆಗೆ ಹಾನ್ಸೆನ್ ಬರೆಯುವವರೂ ಇದ್ದಾರೆ. ಕಾನೂನಿನ ಪ್ರಕಾರ ನಡುಹೆಸರು ಅಡ್ಡಹೆಸರಲ್ಲ.

ಅಪರೂಪದ ನಾರ್ವೇಜಿಯನ್ ಹೆಸರೊಂದರ ಜಾಡು ಹಿಡಿಯಬೇಕೆನ್ನುವವರಿಗೆ ಸಾಮಗ್ರಿ ಧಾರಾಳವಾಗಿದೆ. ಅಲ್ಲಿ ಜನಗಣತಿಯ ವೈಯಕ್ತಿಕ ವಿವರ ನೂರು ವರ್ಷ ಗುಟ್ಟಾಗಿರುತ್ತದೆ, ಆಮೇಲೆ ಬಯಲು. 1801, 1865, 1900, 1910ರವನ್ನು ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. 1920ರದು 2020ರ ಡಿಸೆಂಬರ್‌ನಲ್ಲಿ ತೆರೆಯಿತು; ಕಾಯ್ದೆ ಬರುವ ಮೂರು ವರ್ಷ ಮುಂಚೆ ಯಾರು ಯಾವ ಒಕ್ಕಲಿನಲ್ಲಿದ್ದರು ಎಂಬುದು ಅದರಲ್ಲಿ ಸಿಗುತ್ತದೆ. ಹುಡುಕುವಾಗ ಹೆಸರಿನ ಕಾಲಂಗಿಂತ ವಾಸಸ್ಥಳದ ಕಾಲಂ ಅನ್ನು ಮೊದಲು ನೋಡುವುದು ಒಳ್ಳೆಯದು.