ಅಪೀಲು ಕೇಳುವ ನ್ಯಾಯಮೂರ್ತಿಯ ಸಮಾಜಸೇವೆ ಎಲ್ಲಿರುತ್ತದೆ?

ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯೊಬ್ಬರು ನಿವೃತ್ತರಾದರೆ ಬೀಳ್ಕೊಡುಗೆ ಇರುತ್ತದೆ. ಮಾತಾಡುವವರು ಎರಡು ವಿಷಯ ತಪ್ಪದೆ ಹೇಳುತ್ತಾರೆ. ಒಂದು, ಸಾಹೇಬರು ಇಷ್ಟು ಸಾವಿರ ಕೇಸು ಇತ್ಯರ್ಥ ಮಾಡಿದರು ಅನ್ನುವುದು. ಇನ್ನೊಂದು ಅವರ ಸಮಾಜಸೇವೆ. ಊರಿನ ಶಾಲೆ, ಉದ್ಘಾಟಿಸಿದ ಶಿಬಿರ, ಮುಖ್ಯ ಅತಿಥಿಯಾಗಿ ಹೋದ ಕಾರ್ಯಕ್ರಮ. ಅಪೀಲು ಕಡೆಯೇ ವಕೀಲಿಕೆ ಮಾಡಿಕೊಂಡು ಬಂದ ನನಗೆ ಈ ಪಟ್ಟಿ ಯಾವತ್ತೂ ಅರ್ಧಂಬರ್ಧ ಅನ್ನಿಸುತ್ತದೆ. ಅಪೀಲು ಕೇಳುವವರು ಜನರಿಗೆ ಮಾಡುವ ದೊಡ್ಡ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಕೂತು ಕಡತ ಓದಿಕೊಂಡು ಬರುವುದು, ಅಷ್ಟೇ.

ಈ ಹುದ್ದೆಗೆ ಬರುವ ದಾರಿ ಎರಡು. ಕೆಲವರು ಸಿವಿಲ್ ನ್ಯಾಯಾಧೀಶರಾಗಿ ಸೇರಿ, ತಾಲ್ಲೂಕು ತಾಲ್ಲೂಕು ಸುತ್ತಿ, ಜಿಲ್ಲಾ ನ್ಯಾಯಾಧೀಶರಾಗಿ ಮೇಲೆ ಬಂದವರು. ಇನ್ನು ಕೆಲವರು ನೇರವಾಗಿ ವಕೀಲರಿಂದ ಬಂದವರು. ಇವರಿಗೆ ಹೈಕೋರ್ಟಿನಲ್ಲಿ ಕನಿಷ್ಠ 10 ವರ್ಷದ ವಕೀಲಿಕೆ ಇರಬೇಕು ಎನ್ನುತ್ತದೆ ಸಂವಿಧಾನದ 217ನೇ ವಿಧಿ. ಮೊದಲು ಹೆಚ್ಚುವರಿ ನ್ಯಾಯಮೂರ್ತಿ, ಆಮೇಲೆ ಕಾಯಂ. 62 ವರ್ಷಕ್ಕೆ ನಿವೃತ್ತಿ. ಯಾವ ದಾರಿಯಲ್ಲಿ ಬಂದವರು ಅನ್ನುವುದು ಬೋರ್ಡು ನೋಡದೆಯೂ ಗೊತ್ತಾಗುತ್ತದೆ ಬಿಡಿ. ಕೆಳಗಿನ ಕೋರ್ಟಿನಿಂದ ಬಂದವರು ಮೊದಲು ಪಾಟಿ ಸವಾಲಿನ ಪುಟ ತೆಗೆಯುತ್ತಾರೆ. ವಕೀಲರಾಗಿದ್ದವರು ‘ನಿಮ್ಮ ಪಾಯಿಂಟ್ ಏನು ಹೇಳಿ’ ಎನ್ನುತ್ತಾರೆ.

ಬೆಂಗಳೂರಿನ ಹೈಕೋರ್ಟು ಕಟ್ಟಡವಾದ ಅಠಾರಾ ಕಚೇರಿಯಲ್ಲೇ ಕೊನೆತನಕ ಕೂರುತ್ತಾರೆ ಅಂತಲೂ ಇಲ್ಲ. ಧಾರವಾಡ, ಕಲಬುರಗಿಗೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು. ಸರದಿ ಪ್ರಕಾರ ಅಲ್ಲಿಗೂ ಹೋಗಬೇಕು. ಜೊತೆಗೆ ಒಂದೊಂದು ಜಿಲ್ಲೆಯ ಆಡಳಿತಾತ್ಮಕ ಉಸ್ತುವಾರಿ ಬೇರೆ.

ಈಗ ಕೆಲಸಕ್ಕೆ ಬರೋಣ. ಕೆಳಗಿನ ಕೋರ್ಟಿನವರು ಸಾಕ್ಷಿಯ ಮುಖ ನೋಡಿರುತ್ತಾರೆ. ಅವನು ತಡವರಿಸಿದ್ದು, ವಕೀಲರ ಕಡೆ ತಿರುಗಿ ನೋಡಿದ್ದು, ಎಲ್ಲ ಗೊತ್ತಿರುತ್ತದೆ. ಅಪೀಲಿನವರಿಗೆ ಸಿಗುವುದು ಬರೀ ಕಾಗದ. ಹಾಗಾಗಿ ಆ ಕಾಗದವನ್ನೂ ಸರಿಯಾಗಿ ಓದದಿದ್ದರೆ ಅಪೀಲು ಅನ್ನುವುದಕ್ಕೆ ಅರ್ಥವೇ ಇಲ್ಲ. ಸಿವಿಲ್ ಕೇಸಿನ ಮೊದಲ ಅಪೀಲಿನಲ್ಲಿ ನಡೆದ ಸಂಗತಿ, ಕಾನೂನು ಎರಡನ್ನೂ ಮತ್ತೆ ನೋಡಬೇಕು. ತೀರ್ಮಾನಿಸಬೇಕಾದ ಅಂಶ ಯಾವುದು, ತೀರ್ಮಾನ ಏನು, ಕಾರಣ ಏನು ಎಂದು ತೀರ್ಪಿನಲ್ಲಿ ಬರೆಯಲೇಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 31ನೇ ನಿಯಮ ಇದು. ‘ಕೆಳಗಿನ ಕೋರ್ಟು ಸರಿಯಾಗಿ ಹೇಳಿದೆ, ವಜಾ’ ಎಂದು ಎರಡು ಸಾಲಿನಲ್ಲಿ ಮುಗಿಸುವ ಹಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಗೊತ್ತಾಗುವುದು ಅಪಘಾತ ಪರಿಹಾರದ ಅಪೀಲುಗಳಲ್ಲಿ. ನಾವು ಎಂಎಫ್‌ಎ ಅನ್ನುತ್ತೇವೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 33 ವರ್ಷದ ಟೈಲ್ಸ್ ಕೆಲಸದವನು, 2017ರಲ್ಲಿ ಬೈಕಿಗೆ ಲಾರಿ ಗುದ್ದಿ ಮಂಡಿ ಮುರಿದಿದೆ ಅಂತ ಇಟ್ಟುಕೊಳ್ಳಿ. ಡಾಕ್ಟರು ಕಾಲಿಗೆ ಶೇ. 30 ಊನ ಎಂದು ಬರೆದಿದ್ದಾರೆ. ಇಂಥ ಕೇಸು ಮೊದಲು ಕೇಳುವ ನ್ಯಾಯಮಂಡಳಿ ರೂಢಿಯಂತೆ ಅದರ ಮೂರನೇ ಒಂದು ಭಾಗ ಹಿಡಿದು, ಇಡೀ ಮೈಗೆ ಶೇ. 10 ಎಂದಿದೆ. ಸಂಬಳದ ದಾಖಲೆ ಇಲ್ಲ ಅಂತ ತಿಂಗಳಿಗೆ 8,000 ರೂಪಾಯಿ ಆದಾಯ ಹಿಡಿದಿದೆ. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ, 16. ಮುಂದಿನ ದುಡಿಮೆ ನಷ್ಟಕ್ಕೆ ಬಂದದ್ದು 1,53,600 ರೂಪಾಯಿ.

ಮೇಲೆ ಕೂತವರು ಕಡತ ತಿರುವುತ್ತಾರೆ. ಡಾಕ್ಟರ ಸಾಕ್ಷ್ಯದಲ್ಲಿ ಒಂದು ಸಾಲು ಇದೆ: ಈತ ಕುಕ್ಕರುಗಾಲಲ್ಲಿ ಕೂರಲಾರ. ಟೈಲ್ಸ್ ಹಾಕುವವನು ಇನ್ನು ಹೇಗೆ ಕೂರುತ್ತಾನೆ? ನಿಂತುಕೊಂಡು ನೆಲಕ್ಕೆ ಟೈಲ್ಸ್ ಹಾಕಲು ಆಗುತ್ತದಾ? ಊನ ಎಷ್ಟು ಅನ್ನುವುದಕ್ಕಿಂತ ಆ ಊನ ಅವನ ಕಸುಬಿಗೆ ಎಷ್ಟು ಪೆಟ್ಟು ಕೊಟ್ಟಿದೆ ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ರಾಜ್‌ಕುಮಾರ್ ಕೇಸಿನಲ್ಲಿ ಹೇಳಿದೆ. ಆ ಸಾಲು ಕಣ್ಣಿಗೆ ಬಿದ್ದರೆ ಶೇ. 20 ಆಗುತ್ತದೆ. ಆದಾಯ 2017ಕ್ಕೆ 11,000 ಆಗುತ್ತದೆ. ಲೆಕ್ಕ 4,22,400ಕ್ಕೆ ಬರುತ್ತದೆ. ಒಂದು ಸಾಲು ಓದಿದ್ದರಿಂದ, ಆದಾಯವನ್ನು ಸರಿಯಾಗಿ ಹಿಡಿದಿದ್ದರಿಂದ ಆದ ವ್ಯತ್ಯಾಸ ಇದು. ಆ ಮನುಷ್ಯ ಮಂಡ್ಯದಲ್ಲೋ ಹಾಸನದಲ್ಲೋ ಇರುತ್ತಾನೆ. ಯಾವ ಸಾಹೇಬರು ಓದಿದರು ಅಂತ ಅವನಿಗೆ ಗೊತ್ತೂ ಇರುವುದಿಲ್ಲ.

ಆ 11,000 ಎಲ್ಲಿಂದ ಬಂತು ಅಂತೀರಾ? ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದವರು ಲೋಕ ಅದಾಲತ್‌ಗೆ ಅಂತ ಮಾಡಿಟ್ಟ ಒಂದು ಪಟ್ಟಿ ಇದೆ. ಯಾವ ವರ್ಷದ ಅಪಘಾತಕ್ಕೆ ಎಷ್ಟು ಆದಾಯ ಹಿಡಿಯಬೇಕು ಅನ್ನುವುದು ಅದರಲ್ಲಿದೆ. ರಾಜಿಗೆ ಅನುಕೂಲ ಆಗಲಿ ಅಂತ ಮಾಡಿದ್ದನ್ನು ಈಗ ಹೈಕೋರ್ಟಿನ ತೀರ್ಪುಗಳಲ್ಲೂ ಬಳಸುತ್ತಾರೆ. ಸಂಬಳದ ಚೀಟಿ ಇಲ್ಲದ ಗಾರೆ ಕೆಲಸದವರು, ಮನೆಗೆಲಸದವರಿಗೆ ಈ ಒಂದು ಹಾಳೆ ಮಾಡಿದಷ್ಟು ಉಪಕಾರವನ್ನು ಎಷ್ಟೋ ಭಾಷಣಗಳು ಮಾಡಿಲ್ಲ.

ಕ್ರಿಮಿನಲ್ ಅಪೀಲಿನ ಕಷ್ಟ ಬೇರೆ ತರಹದ್ದು. ಕೆಳಗೆ ಬಿಡುಗಡೆ ಆದವನ ಮೇಲೆ ಸರ್ಕಾರ ಅಪೀಲು ಬಂದರೆ, ಸುಮ್ನೆ ಬೇರೆ ಅಭಿಪ್ರಾಯ ಇದೆ ಅಂತ ತೀರ್ಪು ತಿರುಗಿಸುವ ಹಾಗಿಲ್ಲ. ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೆ ಬರಲು ಸಾಧ್ಯವಿದ್ದರೆ ಬಿಡುಗಡೆಯನ್ನು ಮುಟ್ಟಬಾರದು. ಇದನ್ನು ಒಟ್ಟಾಗಿ ಬರೆದಿಟ್ಟ 2007ರ ಚಂದ್ರಪ್ಪ ತೀರ್ಪು ನಮ್ಮ ರಾಜ್ಯದಿಂದಲೇ ಹೋದ ಕೇಸು. ಹೊರಗೆ ಜನ ಬೈಯುತ್ತಿರುವಾಗ ಈ ನಿಯಮಕ್ಕೆ ಅಂಟಿಕೊಳ್ಳುವುದಕ್ಕೆ ಗಟ್ಟಿ ಎದೆ ಬೇಕು.

ಇನ್ನು ಹೊರಗಿನ ಸೇವೆ. ‘ನಿಮಗೆ ಪರಿಚಯ ಇದ್ದಾರಲ್ವಾ ಸಾರ್, ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಜಡ್ಜ್ ಸಾಹೇಬರನ್ನ ಕರ್ಕೊಂಡು ಬನ್ನಿ’ ಅಂತ ಕೇಳುವವರಿಗೆ ಬರವಿಲ್ಲ. ನಾನು ಇಂಥದ್ದಕ್ಕೆ ಕೈ ಹಾಕುವುದಿಲ್ಲ. ಕಾರಣ ಇದೆ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿ ತಮಗೆ ತಾವೇ 16 ಅಂಶಗಳ ಒಂದು ನಡತೆ ಸಂಹಿತೆ ಒಪ್ಪಿಕೊಂಡರು. ಹೈಕೋರ್ಟಿನವರಿಗೂ ದಾರಿ ತೋರಿಸುವುದು ಅದೇ. ಕ್ಲಬ್ಬು, ಸಂಘಗಳ ಚುನಾವಣೆಗೆ ನಿಲ್ಲಬಾರದು, ಕಾನೂನಿಗೆ ಸಂಬಂಧಿಸಿದ ಸಂಸ್ಥೆ ಬಿಟ್ಟು. ಚಂದಾ ಎತ್ತುವುದರಲ್ಲಿ ಸೇರಬಾರದು. ತಮ್ಮ ಕೋರ್ಟಿನ ವಕೀಲರ ಜೊತೆ ಒಡನಾಟ ಜಾಸ್ತಿ ಇಟ್ಟುಕೊಳ್ಳಬಾರದು. ರಾಜಕೀಯದ ಬಗ್ಗೆ ಬಹಿರಂಗವಾಗಿ ಮಾತಾಡಬಾರದು. ಅಂದರೆ ನಾವು ಸಾಮಾನ್ಯವಾಗಿ ಸಮಾಜಸೇವೆ ಅನ್ನುವುದರಲ್ಲಿ ಅರ್ಧ ಇವರಿಗೆ ನಿಷಿದ್ಧ. ಮದುವೆ ಮನೆಯಲ್ಲಿ ಹತ್ತು ನಿಮಿಷಕ್ಕೆ ಎದ್ದು ಹೋಗುವವರನ್ನು ಸೊಕ್ಕು ಅಂತ ಬೈಯಬೇಡಿ. ನಾಳೆ ಆ ಮನೆಯವರ ಕೇಸೇ ಬೋರ್ಡಿನಲ್ಲಿ ಇರಬಹುದು.

ಕಾನೂನೇ ಬಾಗಿಲು ತೆಗೆದಿಟ್ಟ ಸೇವೆ ಒಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಜೈಲಿನಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಫೋನ್ ನಂಬರು 15100. ಹೈಕೋರ್ಟಿನಲ್ಲೂ ಇದಕ್ಕೆ ಒಂದು ಸಮಿತಿ ಇದೆ, ಹಾಲಿ ನ್ಯಾಯಮೂರ್ತಿಯೇ ಅಧ್ಯಕ್ಷರು. ಪರಪ್ಪನ ಅಗ್ರಹಾರದ ಜೈಲಿನಿಂದ ಶಿಕ್ಷೆಯಾದವನೊಬ್ಬ ಜೈಲಧಿಕಾರಿ ಮೂಲಕ ಅಪೀಲು ಕಳಿಸಬಹುದು. ವಕೀಲರೇ ಇಲ್ಲದೆ ಆ ಅಪೀಲು ಬಂದಾಗ ಪೀಠ ಒಬ್ಬರನ್ನು ನೇಮಿಸುತ್ತದೆ. ಯಾರನ್ನು ನೇಮಿಸುತ್ತಾರೆ ಅನ್ನುವುದರಲ್ಲೇ ಅವರ ಕಾಳಜಿ ಗೊತ್ತಾಗುತ್ತದೆ. ಕೆಲವರು ಎದುರಿಗೆ ಸಿಕ್ಕ ಜೂನಿಯರ್‌ಗೆ ಹಚ್ಚುತ್ತಾರೆ. ಕೆಲವರು ಹುಡುಕಿ ಹಳೆಯ ಕ್ರಿಮಿನಲ್ ವಕೀಲರನ್ನೇ ಕರೆಸುತ್ತಾರೆ.

ಜನರಿಗೆ ಅರ್ಥವಾಗುವ ಹಾಗೆ ಹೇಳುವುದೂ ಸೇವೆಯೇ. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ತೀರ್ಪಿನ ಮುಖ್ಯ ಭಾಗವನ್ನು ಕನ್ನಡದಲ್ಲೇ ಓದಿತು. ಇನ್ನೂ ಜಾಸ್ತಿ ಆಗಲಿ.

ನಿವೃತ್ತಿ ಆದ ಮೇಲೆ? 220ನೇ ವಿಧಿ ಪ್ರಕಾರ ಕಾಯಂ ನ್ಯಾಯಮೂರ್ತಿಯಾಗಿದ್ದವರು ತಾವು ಕೂತಿದ್ದ ಹೈಕೋರ್ಟಿನಲ್ಲಿ ವಕೀಲಿಕೆ ಮಾಡುವಂತಿಲ್ಲ. ಎಂ.ಎನ್. ವೆಂಕಟಾಚಲಯ್ಯನವರು ಬೆಂಗಳೂರಿನಲ್ಲಿ ವಕೀಲರಾಗಿ ಶುರು ಮಾಡಿ, 1975ರಲ್ಲಿ ಇಲ್ಲಿನ ಹೈಕೋರ್ಟಿಗೆ, 1987ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, ಮುಖ್ಯ ನ್ಯಾಯಮೂರ್ತಿಯಾದರು. ಆಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಸಂವಿಧಾನ ಪುನರ್‌ವಿಮರ್ಶೆ ಆಯೋಗ ಎರಡನ್ನೂ ನಡೆಸಿದರು. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಎನ್. ವೆಂಕಟಾಚಲ ಮತ್ತು ಸಂತೋಷ್ ಹೆಗ್ಡೆ ಒಬ್ಬರಾದ ಮೇಲೆ ಒಬ್ಬರು ಲೋಕಾಯುಕ್ತರಾದರು. ಹೆಗ್ಡೆಯವರ 2011ರ ಅಕ್ರಮ ಗಣಿಗಾರಿಕೆ ವರದಿ ಏನು ಮಾಡಿತು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಎಲ್ಲರಿಗೂ ಅಂಥ ಕುರ್ಚಿ ಸಿಗುವುದಿಲ್ಲ. ಬಹಳ ಜನ ಆರ್ಬಿಟ್ರೇಷನ್‌ಗೆ, ಅಂದರೆ ಕೋರ್ಟಿನ ಹೊರಗೆ ವ್ಯಾಜ್ಯ ತೀರಿಸುವ ಕೆಲಸಕ್ಕೆ, ಹೋಗುತ್ತಾರೆ. ತಪ್ಪೇನಿಲ್ಲ, ಫೀಸು ತೆಗೆದುಕೊಂಡು ಮಾಡುವ ಕೆಲಸ ಅದು. ನನ್ನ ಆಸೆ ಬೇರೆ. ನಿವೃತ್ತರೊಬ್ಬರು ವಾರಕ್ಕೆ ಒಂದು ಮಧ್ಯಾಹ್ನ ಕಾನೂನು ಸೇವಾ ಸಮಿತಿಯಲ್ಲಿ ಕೂತು, ಎರಡನೇ ಅಪೀಲು ಹಾಕಲು ಬಂದವರ ತೀರ್ಪುಗಳನ್ನು ಓದಬೇಕು. ಕಾನೂನಿನ ಗಟ್ಟಿ ಪ್ರಶ್ನೆ ಇಲ್ಲದಿದ್ದರೆ ಆರ್‌ಎಸ್‌ಎ, ಅಂದರೆ ಈ ಎರಡನೇ ಅಪೀಲು, ಬಾಗಿಲಲ್ಲೇ ಬಿದ್ದುಹೋಗುತ್ತದೆ. ಅಣ್ಣತಮ್ಮಂದಿರ ಭಾಗದ ಕೇಸುಗಳಲ್ಲಿ ಎಷ್ಟೋ ಹಾಗೇ ಹೋಗುತ್ತವೆ. ‘ಇದು ನಿಲ್ಲುವುದಿಲ್ಲಮ್ಮ, ಇರೋ ಒಂದೆಕರೆ ಇದಕ್ಕೆ ಮಾರಬೇಡಿ’ ಅಂತ ಅಂಥವರ ಬಾಯಿಂದ ಬಂದರೆ ಜನ ಕೇಳುತ್ತಾರೆ. ಫೀಸು ತೆಗೆದುಕೊಳ್ಳುವ ವಕೀಲನ ಬಾಯಿಂದ ಈ ಮಾತು ಸುಲಭವಾಗಿ ಬರುವುದಿಲ್ಲ. ನಾನೂ ವಕೀಲನೇ, ಗೊತ್ತಿದ್ದೇ ಹೇಳುತ್ತಿದ್ದೇನೆ.